ಶಿಫಾರಸು ಪತ್ರದಲ್ಲಿ ‘ಸ್ಟಬ್ಬರ್ನ್’ ಎಂದು ಬರೆಯುವ ಮುನ್ನ

ತಂಗಿ, ನಿಮ್ಮ ವಿದ್ಯಾರ್ಥಿಯ ವಿದ್ಯಾರ್ಥಿವೇತನಕ್ಕಾಗಿ ಬರೆದು ಗುಂಪಿಗೆ ಹಾಕಿರುವ ಶಿಫಾರಸು ಪತ್ರವನ್ನು ಓದಿದೆ. ದಯವಿಟ್ಟು ಅದನ್ನು ಹಾಗೆಯೇ ಕಳಿಸಬೇಡಿ. ಹುಡುಗನನ್ನು ‘ಸ್ಟಬ್ಬರ್ನ್’, ‘ಕನ್ನಿಂಗ್’, ‘ಸಿಂಪಲ್’ ಎಂದು ಹೊಗಳಿದ್ದೀರಿ. ನಿಮ್ಮ ಮನಸ್ಸಿನಲ್ಲಿರುವವನು ಛಲಗಾರ, ಶಾಣ್ಯಾ, ಆಡಂಬರವಿಲ್ಲದ ಹುಡುಗ. ಆಯ್ಕೆ ಸಮಿತಿಯವರಿಗೆ ಕಾಣುವವನು ಮೊಂಡ, ಕಪಟಿ, ಸ್ವಲ್ಪ ಮಂದಬುದ್ಧಿಯವನು. ನಮ್ಮ ಕಲಬುರಗಿ ಭಾಗದಿಂದ ಹೋಗುವ ಪತ್ರಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಛಲ ಬೇರೆ, ಹಠ ಬೇರೆ ಎಂಬುದು ನಮಗೆ ಯಾರೂ ಹೇಳಿಕೊಡದೆ ಗೊತ್ತು. ಇಂಗ್ಲಿಷಿನಲ್ಲಿಯೂ ಆ ಗೆರೆ ಅಷ್ಟೇ ಸ್ಪಷ್ಟವಾಗಿದೆ. ಗುರಿ ಬಿಡದವನು ‘ಡಿಟರ್ಮಿನ್ಡ್’; ಸೋತರೂ ಮತ್ತೆ ಮತ್ತೆ ಯತ್ನಿಸುವವನು ‘ಪರ್ಸಿಸ್ಟೆಂಟ್’; ಸರಿಯಾದ ಕಾರಣ ಕೊಟ್ಟರೂ ಮನಸ್ಸು ಬದಲಿಸದವನು ‘ಸ್ಟಬ್ಬರ್ನ್’; ‘ಆಬ್ಸ್ಟಿನೇಟ್’ ಅದಕ್ಕಿಂತ ಕಟುವಾದದ್ದು. 1948ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಿಬಿಸಿ ರೇಡಿಯೊದಲ್ಲಿ, ಒಂದೇ ಗುಣವನ್ನು ತನ್ನಲ್ಲಿ ಕಂಡಾಗ ದೃಢತೆ ಎಂದೂ ಎದುರಿನವನಲ್ಲಿ ಕಂಡಾಗ ಹಠ ಎಂದೂ ಮೂರನೆಯವನಲ್ಲಿ ಕಂಡಾಗ ಮೂರ್ಖತನ ಎಂದೂ ಮನುಷ್ಯ ಕರೆಯುತ್ತಾನೆ ಎಂಬುದನ್ನು ತೋರಿಸಿಕೊಟ್ಟಿದ್ದರು. ಆದ್ದರಿಂದ ಗುಣವಾಚಕ ಬರೆದ ಕೂಡಲೇ ಅದರ ಪಕ್ಕದಲ್ಲಿ ಆ ವ್ಯಕ್ತಿ ಮಾಡಿದ ಒಂದು ಕೆಲಸವನ್ನು ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಪತ್ರದಲ್ಲಿಯೇ ಇರುವಂತೆ ಹುಡುಗ ಆಳಂದದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಗಣಿತದಲ್ಲಿ ನಪಾಸಾದ ಮೇಲೂ ಅದನ್ನೇ ಓದಿ ಪಾಸಾದ, ಇದು ‘ಪರ್ಸಿಸ್ಟೆಂಟ್’. ಕಪ್ಪುಹಲಗೆಯ ಮೇಲಿನ ತಪ್ಪನ್ನು ನೀವು ತೋರಿಸಿದ ಮೇಲೂ ತನ್ನ ಲೆಕ್ಕವೇ ಸರಿ ಎಂದು ಕೂತಿದ್ದರೆ ಮಾತ್ರ ‘ಸ್ಟಬ್ಬರ್ನ್’. ಹಾಗೆಂದು ‘ಪರ್ಸಿಸ್ಟೆಂಟ್’ ಕೂಡ ಎಲ್ಲೆಡೆ ಹೊಗಳಿಕೆಯಲ್ಲ. ಬೇಡವೆಂದರೂ ಬಾಗಿಲು ಬಿಡದ ಮಾರಾಟಗಾರನಿಗೂ ಅದೇ ಪದ ಸಲ್ಲುತ್ತದೆ.

‘ಕನ್ನಿಂಗ್’ ವಿಷಯಕ್ಕೂ ಇದೇ ಪರೀಕ್ಷೆ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ತೊಗರಿ ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ಅಳೆದು ದರ ಹೇಳುವ ವ್ಯಾಪಾರಿ ‘ಶ್ರೂಡ್’. ಹಳೆಯ ಬೇಳೆಯನ್ನು ಹೊಸದರಲ್ಲಿ ಬೆರೆಸಿ ಮಾರುವವನು ‘ಕನ್ನಿಂಗ್’. ನಿಮ್ಮ ಹುಡುಗನಿಗೆ ‘ಇಂಟೆಲಿಜೆಂಟ್’ ಸಾಕು. ‘ಸಿಂಪಲ್’ ಬದಲು ‘ಅನ್‌ಅಸ್ಯೂಮಿಂಗ್’ ಎನ್ನಿ. ‘ಸೆನ್ಸಿಬಲ್’ ಎಂದರೆ ವಿವೇಕಿ, ‘ಸೆನ್ಸಿಟಿವ್’ ಎಂದರೆ ಬೇಗ ನೋಯುವವನು ಅಥವಾ ಪರರ ನೋವು ಬಲ್ಲವನು. ಯಾವುದೆಂದು ಸಂದರ್ಭದಿಂದ ತಿಳಿಯದಿದ್ದರೆ ಆ ಪದವನ್ನು ಬಿಡುವುದು ಒಳ್ಳೆಯದು. ಗುಂಪಿನಲ್ಲಿ ವಿದೇಶದ ಸಂಬಂಧಕ್ಕೆ ಬಯೋಡಾಟಾ ಬರೆಯುವವರೂ ಇದ್ದೀರಿ: ನಮ್ಮಲ್ಲಿ ‘ಹೋಮ್ಲಿ’ ಎಂದರೆ ಮನೆವಾರ್ತೆ ಬಲ್ಲ ಹುಡುಗಿ, ಅಮೆರಿಕದಲ್ಲಿ ಅದರರ್ಥ ಚೆಲುವಿಲ್ಲದವಳು.

ಒಂದು ಪದಕ್ಕೆ ಒಂದೇ ಅರ್ಥ ಕೊಡುವ ಕಿರು ನಿಘಂಟುಗಳನ್ನು ಈ ಕೆಲಸಕ್ಕೆ ನಂಬಬೇಡಿ; ಫೋನಿನಲ್ಲಿ ಸಮಾನಾರ್ಥಕಗಳ ಪಟ್ಟಿ ತೆರೆದು ಚೆಂದ ಕಂಡದ್ದನ್ನು ಎತ್ತಿಕೊಳ್ಳುವ ಅಭ್ಯಾಸವಂತೂ ಶಿಕ್ಷಕರಿಗೆ ತರವಲ್ಲ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನಲ್ಲಿ ಇಂತಹ ಪದಗಳ ಮುಂದೆ ‘ಡಿಸ್‌ಅಪ್ರೂವಿಂಗ್’ ಎಂಬ, ಅಂದರೆ ತೆಗಳುವ ಪದ ಎಂಬ, ಗುರುತು ಇರುತ್ತದೆ, ಅದನ್ನು ಮೊದಲು ನೋಡಿ. 1987ರಲ್ಲಿ ಬಂದ ಕಾಲಿನ್ಸ್ ಕೊಬಿಲ್ಡ್ ನಿಘಂಟು ಅರ್ಥವನ್ನು ಪೂರ್ಣ ವಾಕ್ಯದಲ್ಲಿಯೇ ವಿವರಿಸುವುದರಿಂದ ನನಗೆ ಅದು ಇನ್ನೂ ಮೆಚ್ಚು.

ಆ ಮೂರು ಗುಣವಾಚಕಗಳ ಬದಲು ಸರಿಯಾದ ಒಂದನ್ನೇ ಇಡಿ, ಗಣಿತದ ಸಂಗತಿಯನ್ನು ಎರಡು ವಾಕ್ಯ ಬೆಳೆಸಿ. ತಿದ್ದಿದ ಪ್ರತಿಯನ್ನು ಇಲ್ಲಿಯೇ ಹಾಕಿದರೆ ರಾತ್ರಿಯೊಳಗೆ ಓದಿ ಹೇಳುತ್ತೇನೆ.