ಮೆಶ್ ಸಣ್ಣ ಮಾಡಿದರೆ ಸೀಳು ಯಾಕೆ ಉದ್ದವಾಗುತ್ತದೆ?

ಹಡಗಿನ ತಳ ಬಂಡೆಗೆ ತಾಗಿ ಸೀಳುವುದನ್ನು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವಾಗ, ಮೆಶ್ (ತಗಡನ್ನು ಎಲಿಮೆಂಟ್ ಎಂಬ ಪುಟ್ಟ ತುಂಡುಗಳಾಗಿ ವಿಂಗಡಿಸಿದ ಬಲೆ) ಸಣ್ಣ ಮಾಡಿದರೆ ಸೀಳು ಯಾಕೆ ಬೆಳೆಯುತ್ತದೆ ಅಂತ ಕೇಳಿದ್ದೀರಿ. 12 ಮಿ.ಮೀ. ತಗಡಿನ ಹಡಗಿನ ತಳ, ಚೂಪು ಬಂಡೆ, ತುಂಡಾಗುವ ಸ್ಟ್ರೈನ್ (ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿತು ಎಂಬ ಅನುಪಾತ) 0.2 ಅಂತ ಕೊಟ್ಟಿದ್ದೀರಿ. ಎಲಿಮೆಂಟ್ 100 ಮಿ.ಮೀ. ಇದ್ದಾಗ ತಗಡು ಬರೀ ತಗ್ಗಿತು, 25ಕ್ಕೆ ಇಳಿಸಿದ ಕೂಡಲೇ ಉದ್ದಕ್ಕೂ ಸೀಳಿತು, ಅಲ್ವಾ? ಸಾಫ್ಟ್‌ವೇರ್ ಸರಿಯಾಗಿಯೇ ಇದೆ. ಎಡವಟ್ಟು ಆ 0.2ರಲ್ಲಿದೆ.

ಉಕ್ಕಿನ ಪಟ್ಟಿಯನ್ನು ಎಳೆದರೆ ಮೊದಲು ಇಡೀ ಪಟ್ಟಿ ಒಂದೇ ಸಮ ಹಿಗ್ಗುತ್ತದೆ. ಆಮೇಲೆ ಒಂದೇ ಕಡೆ ಸೊಂಟದ ಹಾಗೆ ಸಣ್ಣಗಾಗಿ, ಅಲ್ಲೇ ತುಂಡಾಗುತ್ತದೆ. ದೊಡ್ಡ ಎಲಿಮೆಂಟ್ ಆ ಸೊಂಟದ ಹಿಗ್ಗನ್ನು ತನ್ನ ಇಡೀ ಉದ್ದಕ್ಕೆ ಹಂಚಿ ಸರಾಸರಿ ತೋರಿಸುತ್ತದೆ. ಸಣ್ಣದು ಹಾಗಲ್ಲ, 0.2ನ್ನು ಬೇಗ ಮುಟ್ಟುತ್ತದೆ. ಹಾಗಾಗಿ ಈ ಸಂಖ್ಯೆ ಉಕ್ಕಿನದಷ್ಟೇ ಅಲ್ಲ, ಮೆಶ್‌ನದೂ ಹೌದು.

ಹಡಗಿನ ಸಾಮಾನ್ಯ ಉಕ್ಕಿಗೆ ಬಳಕೆಯಲ್ಲಿರುವ ಒಂದು ಸೂತ್ರ: 0.056 + 0.54 × (ದಪ್ಪ ÷ ಎಲಿಮೆಂಟ್ ಉದ್ದ). ನಿಮ್ಮ ತಗಡಿಗೆ 100ರಲ್ಲಿ 0.12, 60ರಲ್ಲಿ 0.16 ಬರುತ್ತದೆ. ನೀವು ಕೊಟ್ಟ 0.2 ಇದಕ್ಕಿಂತ ಜಾಸ್ತಿ, ಅಂದರೆ 100ರ ಮಾದರಿಯಲ್ಲಿ ತಗಡು ಇರುವುದಕ್ಕಿಂತ ಗಟ್ಟಿಯಾಗಿತ್ತು. ಎಲಿಮೆಂಟ್ ದಪ್ಪದ ಐದು ಪಟ್ಟಿಗಿಂತ ಚಿಕ್ಕದಾದರೆ ಈ ಸೂತ್ರ ಬಿಟ್ಟುಬಿಡಿ. 25 ಬೇಕೇ ಬೇಕು ಅಂದರೆ, ಎಳೆದು ಪರೀಕ್ಷಿಸಿದ ಉಕ್ಕಿನ ಪಟ್ಟಿಯನ್ನೇ ಮಾದರಿಯಲ್ಲಿ ಅದೇ ಎಲಿಮೆಂಟಿನಲ್ಲಿ ಕಟ್ಟಿ ಎಳೆಯಿರಿ. ನಿಜವಾಗಿ ಎಷ್ಟು ಹಿಗ್ಗಿ ತುಂಡಾಯಿತೋ ಅಷ್ಟಕ್ಕೇ ತುಂಡಾಗುವ ತನಕ ಸಂಖ್ಯೆ ಬದಲಿಸಿ.

ಇನ್ನೊಂದು ಕಾಟ, ಎಲಿಮೆಂಟ್ ಅಳಿಸುವುದು, ಅಂದರೆ ತುಂಡಾಗುವ ಸ್ಟ್ರೈನ್ ಮುಟ್ಟಿದ ಎಲಿಮೆಂಟನ್ನು ಸಾಫ್ಟ್‌ವೇರ್ ಮಾದರಿಯಿಂದಲೇ ತೆಗೆದುಹಾಕುವುದು. ನಿಜದಲ್ಲಿ ಸೀಳಿದ ತಗಡು ಸುರುಳಿಯಾಗಿ ಬಂಡೆಗೆ ಉಜ್ಜುತ್ತಲೇ ಇರುತ್ತದೆ, ಅದಕ್ಕೂ ಸಾಕಷ್ಟು ಶಕ್ತಿ ಖರ್ಚಾಗುತ್ತದೆ. ಅಳಿಸಿದ ಎಲಿಮೆಂಟ್ ಉಜ್ಜುವುದೆಲ್ಲಿಂದ? ಮೆಶ್ ತೀರಾ ಒರಟಾಗಿದ್ದರೆ, ಅಂದರೆ ಎಲಿಮೆಂಟ್ ತುಂಬಾ ದೊಡ್ಡದಿದ್ದರೆ, ಬಂಡೆ ಖಾಲಿ ಜಾಗದಲ್ಲಿ ಸುಮ್ನೆ ಜಾರಿ ಹೋಗುತ್ತದೆ. ಘರ್ಷಣೆ ಗುಣಾಂಕ ಸೊನ್ನೆ ಬಿಡಬೇಡಿ, 0.3 ಹಾಕಿ.

ಉತ್ತರ ಬಂದ ಮೇಲೆ ಕಾಗದದ ಮೇಲೂ ಒಮ್ಮೆ ನೋಡಿ. 10,000 ಟನ್ ಹಡಗು ಸೆಕೆಂಡಿಗೆ 5 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 125 ಮೆಗಾಜೂಲ್. ಬಂಡೆ ಸರಾಸರಿ 2.5 ಮೆಗಾನ್ಯೂಟನ್ ತಡೆ ಒಡ್ಡಿದರೆ ಹಡಗು ನಿಲ್ಲಲು 50 ಮೀಟರ್ ಬೇಕು. ವೇಗ ಅರ್ಧವಾದರೆ 12.5 ಮೀಟರ್ ಸಾಕು. 2012ರಲ್ಲಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಪ್ರವಾಸಿ ಹಡಗು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿದಾಗ ಸೀಳು ಸುಮಾರು 53 ಮೀಟರ್ ಇತ್ತು. ಹಾಗಾಗಿ ಹತ್ತಾರು ಮೀಟರ್ ಬಂದರೆ ಗಾಬರಿ ಬೇಡ.

ಹಡಗನ್ನು ಮೇಲೆ ಕೆಳಗೆ ಅಲುಗದಂತೆ ಕಟ್ಟಿಹಾಕಿದ್ದೀರಾ? ಹಾಗಿದ್ದರೆ ಬಿಚ್ಚಿ. ನಿಜವಾದ ಹಡಗು ಬಂಡೆ ಹತ್ತಿ ಮೇಲೇಳುತ್ತದೆ, ಸೀಳಿನ ಆಳ ಕಡಿಮೆಯಾಗುತ್ತದೆ. ಬಂಡೆಯ ತುದಿಯ ತ್ರಿಜ್ಯ ಎಷ್ಟು ಅಂತ ನೀವು ಹೇಳಿಲ್ಲ, ಅದನ್ನೂ ಹಾಕಿ. ತುದಿ ಮೊಂಡಾದಷ್ಟೂ ತಗಡು ಸೀಳುವ ಬದಲು ಜಾಸ್ತಿ ತಗ್ಗುತ್ತದೆ.