ಮಾದರಿ ಟೆಸ್ಟ್ ದಾಟಿದ ಕೋಡಿಗೆ ಜಡ್ಜ್‌ನಲ್ಲಿ ರನ್‌ಟೈಮ್ ಎರರ್ ಬಂದರೆ ಎಲ್ಲಿ ಹುಡುಕಬೇಕು?

ಕಾರವಾರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನೀವು ಕೇಳಿರುವುದಿಷ್ಟು: ಟ್ರೀ (ಸುತ್ತುಗಳಿಲ್ಲದೆ ಕವಲೊಡೆಯುತ್ತ ಹೋಗುವ ನೋಡ್‌ಗಳ, ಅಂದರೆ ಬಿಂದುಗಳ, ಜೋಡಣೆ) ಮೇಲೆ ಡಿಎಫ್‌ಎಸ್ (ಒಂದು ಕವಲಿನ ತುದಿಯವರೆಗೂ ಹೋಗಿ ಹಿಂದಿರುಗುವ ಹುಡುಕಾಟ) ನಡೆಸುವ ನಿಮ್ಮ ಸಿ ಪ್ಲಸ್ ಪ್ಲಸ್ ಕೋಡ್ ಮಾದರಿ ಇನ್‌ಪುಟ್‌ಗಳಿಗೆಲ್ಲ ಸರಿಯುತ್ತರ ಕೊಡುತ್ತದೆ, ಜಡ್ಜ್‌ಗೆ, ಅಂದರೆ ಕೋಡನ್ನು ಗುಪ್ತ ಟೆಸ್ಟ್‌ಗಳ ಮೇಲೆ ಓಡಿಸಿ ನೋಡುವ ಜಾಲತಾಣಕ್ಕೆ, ಕಳಿಸಿದರೆ ಏಳನೆಯ ಟೆಸ್ಟಿನಲ್ಲಿ ರನ್‌ಟೈಮ್ ಎರರ್ (ಓಡುತ್ತಿರುವಾಗಲೇ ಪ್ರೋಗ್ರಾಮ್ ನಿಂತುಹೋಗುವುದು), ಆ ಟೆಸ್ಟ್ ಕಾಣದಿರುವಾಗ ತಪ್ಪನ್ನು ಹಿಡಿಯುವುದು ಹೇಗೆ? ಶಿರಸಿಯಲ್ಲಿ ಕಾಲೇಜು ಮಕ್ಕಳಿಗೆ ಇದೇ ಅಭ್ಯಾಸ ಮಾಡಿಸುವ ನನ್ನ ಅನುಭವದಲ್ಲಿ ಆ ಟೆಸ್ಟನ್ನು ನೋಡಲೇಬೇಕಾದ ಪ್ರಸಂಗ ಬರುವುದು ಕಡಿಮೆ. ಪ್ರಶ್ನೆಯಲ್ಲಿ ಕೊಟ್ಟ ಮಿತಿಗಳನ್ನು ಓದಿ ಅಂಥದ್ದೇ ಒಂದನ್ನು ನೀವೇ ತಯಾರಿಸಬಹುದು.

ನೀವು ಹಾಕಿರುವ ಕೋಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು, ಯಾವ ನೋಡ್‌ಗಳನ್ನು ನೋಡಿಯಾಯಿತು ಎಂದು ಗುರುತಿಡುವ ವಿಸಿಟೆಡ್ ಅರೇ. ಅದರ ಗಾತ್ರ 1,00,005. ಪ್ರಶ್ನೆಯಲ್ಲಿ ಎನ್, ಅಂದರೆ ನೋಡ್‌ಗಳ ಸಂಖ್ಯೆ, 2,00,000ದವರೆಗೆ ಹೋಗುತ್ತದೆ. ಅರೇಯ ಗಡಿ ದಾಟಿದ್ದನ್ನು ಸಿ ಪ್ಲಸ್ ಪ್ಲಸ್ ತಾನಾಗಿ ತಪಾಸಣೆ ಮಾಡುವುದಿಲ್ಲ. ಗಡಿಯಾಚೆಯ ಜಾಗ ನಿಮ್ಮದೇ ಪ್ರೋಗ್ರಾಮಿನ ಬೇರೊಂದು ವೇರಿಯಬಲ್‌ನದಾಗಿದ್ದರೆ ಅದರ ಬೆಲೆ ಸದ್ದಿಲ್ಲದೆ ಕೆಡುತ್ತದೆ; ಪ್ರೋಗ್ರಾಮಿಗೆ ಸೇರದ ಜಾಗವಾಗಿದ್ದರೆ ಮಾತ್ರ ಆಪರೇಟಿಂಗ್ ಸಿಸ್ಟಮ್ ಅಲ್ಲಿಯೇ ತಡೆದು ನಿಲ್ಲಿಸುತ್ತದೆ. ಹೀಗಾಗಿ ಒಂದೇ ತಪ್ಪು ಒಂದು ಕಂಪ್ಯೂಟರಿನಲ್ಲಿ ಸರಿಯುತ್ತರವಾಗಿಯೂ, ಇನ್ನೊಂದರಲ್ಲಿ ತಪ್ಪುತ್ತರವಾಗಿಯೂ, ಮತ್ತೊಂದರಲ್ಲಿ ಸೆಗ್ಮೆಂಟೇಶನ್ ಫಾಲ್ಟ್ (ಆಪರೇಟಿಂಗ್ ಸಿಸ್ಟಮ್ ಹೀಗೆ ತಡೆದು ನಿಲ್ಲಿಸಿದ್ದು) ಆಗಿಯೂ ಕಾಣಿಸಿಕೊಳ್ಳಬಹುದು. 'ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯಲ್ಲ' ಎಂಬ ಮಾತಿಗೆ ಇಲ್ಲಿ ತೂಕವಿಲ್ಲ.

ಅರೇಯನ್ನು ದೊಡ್ಡದು ಮಾಡಿದ ಮೇಲೂ ಎರರ್ ಹೋಗದಿರಬಹುದು, ಏಕೆಂದರೆ ನಿಮ್ಮ ಡಿಎಫ್‌ಎಸ್ ತನ್ನನ್ನು ತಾನೇ ಕರೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದಾದ ಮೇಲೊಂದು ಬರುವಂತೆ ಎರಡು ಲಕ್ಷ ನೋಡ್‌ಗಳೂ ಒಂದೇ ಸಾಲಿನಲ್ಲಿದ್ದರೆ, ಮೊದಲ ಕರೆ ಮುಗಿಯುವ ಮುನ್ನ ಎರಡು ಲಕ್ಷ ಕರೆಗಳು ಸ್ಟ್ಯಾಕಿನಲ್ಲಿ (ಮುಗಿಯದ ಕರೆಗಳಿಗೆಂದು ಇಟ್ಟ ಮೆಮೊರಿ) ಪೇರಿಕೊಳ್ಳುತ್ತವೆ. ಕರೆಯೊಂದಕ್ಕೆ ನೂರು ಬೈಟ್ ಹಿಡಿದರೂ ಅದು ಎರಡು ಕೋಟಿ ಬೈಟ್, ಸುಮಾರು 19 ಎಂಬಿ. ಲಿನಕ್ಸ್ ಸ್ಟ್ಯಾಕಿಗೆ ಸಾಮಾನ್ಯವಾಗಿ ಕೊಡುವುದು 8 ಎಂಬಿ, ವಿಂಡೋಸ್ 1 ಎಂಬಿ. ಕೆಲವು ಜಡ್ಜ್‌ಗಳು ಇದನ್ನು ಹೆಚ್ಚಿಸಿರುತ್ತವೆ, ಆದರೆ ಅದನ್ನು ನಂಬಿ ಬರೆಯುವುದು ಬೇಡ. ಸ್ವಂತ ಸ್ಟ್ಯಾಕ್ ಇಟ್ಟುಕೊಂಡು ಲೂಪಿನಲ್ಲಿ ಬರೆಯಿರಿ. (ಪೈಥಾನ್ ಆಗಿದ್ದರೆ ಸಾವಿರ ಕರೆಗಳ ಸುಮಾರಿಗೇ ಕೈಚೆಲ್ಲುತ್ತಿತ್ತು.)

ಊಹಿಸುತ್ತ ಕೂರುವ ಬದಲು ಕಂಪೈಲ್ ಮಾಡುವಾಗಲೇ ಅಡ್ರೆಸ್ ಸ್ಯಾನಿಟೈಸರನ್ನೂ (ಓಡುವಾಗ ಮೆಮೊರಿ ತಪ್ಪುಗಳನ್ನು ಹಿಡಿಯುವ ಸೌಲಭ್ಯ) ಡಿಬಗ್ ಮಾಹಿತಿಯನ್ನೂ ಸೇರಿಸಿ. ಗಡಿ ದಾಟಿದ ಸಾಲಿನ ಸಂಖ್ಯೆಯನ್ನೇ ಅದು ತೋರಿಸುತ್ತದೆ. ವಿಂಡೋಸ್‌ನ ಮಿನ್‌ಜಿಡಬ್ಲ್ಯೂ ಕಂಪೈಲರಿನಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿಕೊಳ್ಳುವುದು ಒಳ್ಳೆಯದು. ಅನಂತರ ಹತ್ತು ಸಾಲಿನ ಚಿಕ್ಕ ಪ್ರೋಗ್ರಾಮಿನಿಂದ ಎನ್ ಒಂದೇ ಇರುವ ಟ್ರೀ, ಎರಡು ಲಕ್ಷದ ಸಾಲು, ಒಂದೇ ನೋಡಿಗೆ ಉಳಿದವೆಲ್ಲ ಅಂಟಿಕೊಂಡ ಟ್ರೀ, ಇವನ್ನು ತಯಾರಿಸಿ ಓಡಿಸಿ. ಜಡ್ಜ್‌ನ ಹಂಗಿಲ್ಲದ ಕೆಲಸವಾದ್ದರಿಂದ ಮಳೆಗೆ ನೆಟ್ ಹೋಗಿರುವಾಗಲೂ ಇದನ್ನು ಮಾಡಬಹುದು. ನಮ್ಮ ಘಟ್ಟದ ಮೇಲೆ ಅದೇನು ಸಣ್ಣ ಅನುಕೂಲವಲ್ಲ.

ಜಡ್ಜ್ ಎಕ್ಸಿಟ್ ಕೋಡ್ (ಪ್ರೋಗ್ರಾಮ್ ನಿಂತಾಗ ಬಿಟ್ಟುಹೋಗುವ ಸಂಖ್ಯೆ) ತೋರಿಸಿದ್ದರೆ ಅದನ್ನೂ ನೋಡಿ. ಲಿನಕ್ಸ್‌ನಲ್ಲಿ 139 ಎಂದರೆ 128ಕ್ಕೆ ಸಿಗ್ನಲ್ 11 (ಸೆಗ್ಮೆಂಟೇಶನ್ ಫಾಲ್ಟ್‌ನ ಸಂಖ್ಯೆ) ಸೇರಿದ್ದು, ಅಂದರೆ ಮೇಲೆ ಹೇಳಿದ ಮೆಮೊರಿ ತಪ್ಪುಗಳು. 136 ಬಂದರೆ ಹೆಚ್ಚಾಗಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿರುತ್ತೀರಿ. 134 ಬಂದರೆ ಹೆಚ್ಚಾಗಿ ಅಸರ್ಟ್ (ಕೋಡಿನಲ್ಲಿ ನೀವೇ ಬರೆದ ಷರತ್ತಿನ ತಪಾಸಣೆ) ಸೋತಿದೆ ಅಥವಾ ಯಾರೂ ಹಿಡಿಯದ ಎಕ್ಸೆಪ್ಶನ್ ಎದ್ದಿದೆ. 139ಕ್ಕೆ ಇನ್ನೊಂದು ಕಾರಣವೂ ಇದೆ: ಖಾಲಿ ವೆಕ್ಟರಿನ (ಬೇಕಾದಂತೆ ಬೆಳೆಯುವ ಅರೇ) ಸೈಜ್‌ನಿಂದ ಒಂದನ್ನು ಕಳೆದರೆ ಋಣಸಂಖ್ಯೆ ಬರುವುದಿಲ್ಲ, 64 ಬಿಟ್‌ನಲ್ಲಿ 18446744073709551615 ಬರುತ್ತದೆ, ಲೂಪ್ ಅಲ್ಲಿಯವರೆಗೂ ಓಡಲು ಹೊರಡುತ್ತದೆ. ನಿಮ್ಮ ಮೂವತ್ತನೆಯ ಸಾಲಿನ ಆಸುಪಾಸಿನಲ್ಲಿ ಮಕ್ಕಳಿಲ್ಲದ (ಕೆಳಗೆ ಕವಲಿಲ್ಲದ) ನೋಡಿಗೆ ಹೀಗೇ ಆಗುತ್ತಿದೆ. ಸೈಜನ್ನು ಮೊದಲು ಇಂಟ್ ಮಾಡಿಕೊಂಡು ಆಮೇಲೆ ಕಳೆಯಿರಿ.