ವೃಷಣದ ಕ್ಯಾನ್ಸರ್, ಸ್ಟೇಜ್ ಒನ್: ಒಂದು ಬೀಜ ತೆಗೆದ ಮೇಲೆ ಕೀಮೋ ತಗೊಳ್ಳಬೇಕಾ, ಸುಮ್ಮನೆ ಕಾಯಬೇಕಾ?

ನಿಮ್ಮ ಪ್ರಶ್ನೆ ನೋಡಿ ಬರೆಯದೆ ಇರೋಕೆ ಆಗಲಿಲ್ಲ. 26 ವರ್ಷ, ಒಂದು ಬೀಜ ತೆಗೆದಾಗಿದೆ, ನಾನ್-ಸೆಮಿನೋಮಾ (ಬೀಜದ ಕ್ಯಾನ್ಸರ್‌ನ ಎರಡು ಮುಖ್ಯ ಬಗೆಗಳಲ್ಲಿ ಒಂದು), ಸ್ಟೇಜ್ ಒನ್, ಅಂದರೆ ಬೇರೆ ಕಡೆ ಹರಡಿದ್ದು ಕಂಡಿಲ್ಲ. ಒಂದು ಸುತ್ತು ಕೀಮೋ ಅಥವಾ ಬರೀ ಚೆಕಪ್ ಅಂತ ಡಾಕ್ಟರ್ ಎರಡು ದಾರಿ ಹೇಳಿದ್ದಾರೆ. 2017ರಲ್ಲಿ ನನಗೂ ಇದನ್ನೇ ಹೇಳಿದ್ದರು. ಆಗ ನನಗೆ 27.

ನನ್ನದು ಎಡಗಡೆ. ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಹುಣಸೆಬೀಜದಷ್ಟು ಗಂಟು, ಒಣ ಅಡಿಕೆಯ ಹಾಗೆ ಗಟ್ಟಿ, ಒಂಚೂರೂ ನೋವಿಲ್ಲ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿಗೆ ಹೇಳಿದೆ, ಮಾರನೇ ದಿನವೇ ಅವಳು ಡಾಕ್ಟರ ಹತ್ತಿರ ಹೊರಡಿಸಿದಳು. ಸ್ಕ್ಯಾನ್ ಆಯಿತು, ರಕ್ತ ಕೊಟ್ಟೆ, ಬೆಂಗಳೂರಿಗೆ ಹೋದೆವು. ಹತ್ತು ದಿನದೊಳಗೆ ಆಪರೇಷನ್. ಚೀಲ ಕೊಯ್ಯಲಿಲ್ಲ, ತೊಡೆಸಂದಿನಲ್ಲಿ ಕೊಯ್ದು ಮೇಲಿನಿಂದ ತೆಗೆದರು. ಚೀಲಕ್ಕೆ ಸೂಜಿ ಚುಚ್ಚಿದರೆ, ಕೊಯ್ದರೆ, ಕ್ಯಾನ್ಸರ್ ಬೇರೆ ದಾರಿ ಹಿಡಿಯಬಹುದು ಅಂತ ಆಮೇಲೆ ತಿಳಿಯಿತು. ಎಎಫ್‌ಪಿ ಅಂದರೆ ಈ ಬಗೆಯ ಕ್ಯಾನ್ಸರ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್, ಆಪರೇಷನ್‌ಗೆ ಮುಂಚೆ ಅದು 210 ಇತ್ತು. ಬೀಜ ತೆಗೆದ ಮೇಲೆ ಅದು ಐದರಿಂದ ಏಳು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯಬೇಕು. ಐದು ವಾರದಲ್ಲಿ 4ಕ್ಕೆ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಗಂಟು ರಕ್ತನಾಳಕ್ಕೆ ನುಗ್ಗಿಲ್ಲ ಅಂತ ತೆಗೆದ ಬೀಜದ ಬಯಾಪ್ಸಿಯಲ್ಲಿ ಬಂತು. ಹಾಗಿದ್ದರೆ ವಾಪಸ್ ಬರುವುದು ನೂರಕ್ಕೆ ಹದಿನೈದು ಜನರಿಗೆ, ನುಗ್ಗಿದ್ದರೆ ಹೆಚ್ಚುಕಡಿಮೆ ಅರ್ಧ ಜನರಿಗೆ ಅಂದರು. ನಿಮ್ಮ ರಿಪೋರ್ಟ್‌ನಲ್ಲೂ ಆ ಸಾಲು ಇರುತ್ತದೆ, ಹುಡುಕಿ ಓದಿ.

ನಾನು ಚೆಕಪ್ ದಾರಿ ಆರಿಸಿಕೊಂಡೆ. ಅದು ಸರಿಯಾದ ಆಯ್ಕೆಯೇ. ಇವತ್ತು ಕೇಳಿದರೂ ಅದನ್ನೇ ಆರಿಸುತ್ತೇನೆ. ನನ್ನ ತಪ್ಪು ಆಮೇಲಿನದು. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಅನಿಸುವುದೇ ಇಲ್ಲ.

ಎರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ನಡುವೆ ಸಿಟಿ ಸ್ಕ್ಯಾನ್ ಅಂತ ಬರೆದುಕೊಟ್ಟಿದ್ದರು. ಆಗಸ್ಟ್‌ನಲ್ಲಿ ಹೋದೆ, ಅಕ್ಟೋಬರ್‌ನಲ್ಲಿ ಹೋದೆ. ಎರಡೂ ಸಲ ಎಲ್ಲ ಸರಿಯಿತ್ತು. ಮೂರನೆಯದು ಡಿಸೆಂಬರ್‌ನಲ್ಲಿ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ತೆಗೆಯುವವರು ಸಿಕ್ಕ ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಅಂಗಳದಲ್ಲಿ ಸುಲಿಯುವವರು, ಒಲೆ ಮೇಲೆ ಬೇಯುವ ಹಂಡೆ, ಅಪ್ಪಯ್ಯನಿಗೆ ಮಂಡಿನೋವು. ಬೆಂಗಳೂರಿಗೆ ಹೋಗಿಬರಲು ಎರಡು ರಾತ್ರಿ ಬಸ್ಸು, ಒಂದು ಹಗಲು ಆಸ್ಪತ್ರೆ. ರಕ್ತ ಇಲ್ಲೇ ಕೊಟ್ಟರಾಯಿತು ಅಂದುಕೊಂಡೆ. ಪೇಟೆಯ ಲ್ಯಾಬ್‌ನಲ್ಲಿ ಕೊಟ್ಟೆ. ಅಲ್ಲಿಯವರೆಗೂ ತಪ್ಪಿಲ್ಲ.

ರಿಪೋರ್ಟ್ ಬಂತು. ಎಎಫ್‌ಪಿ 19. ಪಕ್ಕದಲ್ಲಿ 10ರ ಒಳಗಿರಬೇಕು ಅಂತ ಅಚ್ಚಾಗಿತ್ತು. ನೋಡಿದೆ. ಕಾಣಲಿಲ್ಲ ಅಂತ ಹೇಳಲಾರೆ, ಕಂಡಿತು. ಮೊದಲು 210 ಇತ್ತಲ್ಲ, 19 ಯಾವ ಲೆಕ್ಕ ಅನ್ನಿಸಿತು. ಅಪ್ಪಯ್ಯನ ಶುಗರ್ ಹಾಗೆಯೇ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಇರುತ್ತದೆ. ಲ್ಯಾಬ್ ಬೇರೆ, ಮೆಷಿನ್ ಬೇರೆ. ಹಸಿವು ಚೆನ್ನಾಗಿದೆ, ದಿನವಿಡೀ ಮೂಟೆ ಹೊರುತ್ತಿದ್ದೇನೆ, ನನಗೇನಾಗಿದೆ? ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜಗಲಿಯ ಪಂಚಾಂಗದ ಹಿಂದೆ ಸಿಕ್ಕಿಸಿದೆ. ಹೆಂಡತಿ ಕೇಳಿದಾಗ "ಸರಿ ಇದೆ" ಅಂದೆ. ಡಾಕ್ಟರಿಗೆ ಒಂದು ಫೋಟೋ ತೆಗೆದು ಕಳಿಸಿದ್ದರೆ ಸಾಕಿತ್ತು. ಒಂದು ನಿಮಿಷದ ಕೆಲಸ.

ಈ ಲೆಕ್ಕದಲ್ಲಿ ನಾನು ಎಡವಿದ್ದು ಎಲ್ಲಿ ಗೊತ್ತಾ? 19ನ್ನು 210ರ ಪಕ್ಕ ಇಟ್ಟು ನೋಡಿದೆ. ಇಡಬೇಕಾಗಿದ್ದು 4ರ ಪಕ್ಕ. ಬೀಜ ತೆಗೆದು ಸೊನ್ನೆಯ ಹತ್ತಿರ ಬಂದಿದ್ದು ಮತ್ತೆ ಏರುತ್ತಿದೆ ಅಂದರೆ ಅದನ್ನು ತಯಾರಿಸುವ ಜೀವಕೋಶ ಮೈಯಲ್ಲಿ ಎಲ್ಲೋ ಉಳಿದಿದೆ ಅಂತ ಅರ್ಥ. ಬೇರೆ ಕಾರಣವೂ ಇರಬಹುದು, ಲಿವರ್ ತೊಂದರೆಗೂ ಏರುತ್ತದೆ. ಆದರೆ ಯಾವುದು ಅಂತ ಹೇಳಬೇಕಾದವರು ಡಾಕ್ಟರ್. ಒಂದು ವಾರ ಬಿಟ್ಟು ಮತ್ತೆ ರಕ್ತ ತೆಗೆಸುತ್ತಿದ್ದರು, ಅಷ್ಟೇ. ಸಕ್ಕರೆಯ ಹಾಗೆ ಊಟಕ್ಕೆ ಏರಿ ನಿದ್ದೆಗೆ ಇಳಿಯುವಂಥದ್ದಲ್ಲ ಅದು.

ಫೆಬ್ರವರಿಯದ್ದನ್ನೂ ಬಿಟ್ಟೆ. ಒಂದು ಸಲ ಬಿಟ್ಟರೆ ಎರಡನೆಯದಕ್ಕೆ ಮನಸ್ಸು ಅಷ್ಟು ಚುಚ್ಚುವುದಿಲ್ಲ.

ಮಾರ್ಚ್‌ನಲ್ಲಿ ಬೆನ್ನುನೋವು ಶುರುವಾಯಿತು. ಮೂಟೆ ಹೊತ್ತಿದ್ದಕ್ಕೆ ಅಂತ ಎಣ್ಣೆ ಹಚ್ಚಿಸಿಕೊಂಡೆ. ರಾತ್ರಿ ಮಲಗಿದರೆ ಜಾಸ್ತಿ ಆಗುತ್ತಿತ್ತು. ಪಂಚಾಂಗ ಬದಲಿಸುವಾಗ ಹೆಂಡತಿಗೆ ಆ ಹಾಳೆ ಸಿಕ್ಕಿತು. ಅವಳು ಬೈಯಲಿಲ್ಲ. ಹಾಳೆಯನ್ನು ನನ್ನ ಮುಂದಿಟ್ಟು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಬೆಂಗಳೂರಿನ ಸ್ಕ್ಯಾನ್‌ನಲ್ಲಿ ಹೊಟ್ಟೆಯ ಹಿಂಭಾಗ, ದೊಡ್ಡ ರಕ್ತನಾಳದ ಪಕ್ಕ, ನಾಲ್ಕೂವರೆ ಸೆಂಟಿಮೀಟರ್ ಗಂಟು. ಎಎಫ್‌ಪಿ 380. ಬೀಜ ಇರುವುದು ಕೆಳಗಾದರೂ ಅದರ ಕ್ಯಾನ್ಸರ್ ಮೊದಲು ಹೋಗಿ ಕೂರುವುದು ಅಲ್ಲಿಯೇ.

ಬಿಇಪಿ ಅನ್ನುವ ಕೀಮೋ ಮೂರು ಸುತ್ತು. ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಒಂದು ಸುತ್ತಿಗೆ 21 ದಿನ, ಅದರಲ್ಲಿ ಐದು ದಿನ ಬೆಳಗಿನಿಂದ ಸಂಜೆವರೆಗೆ ಡ್ರಿಪ್. ಕಿಡ್ನಿ ಕಾಪಾಡಲು ಬಾಟಲಿ ಬಾಟಲಿ ಸಲೈನ್ ಹಾಕಿ ಮೂತ್ರ ಅಳೆಯುತ್ತಿದ್ದರು. ಸಾಯುತ್ತೇನಾ ಅಂತ ಡಾಕ್ಟರನ್ನು ನೇರವಾಗಿ ಕೇಳಿದೆ. ಯುವರಾಜ್ ಸಿಂಗ್ ಗೊತ್ತಲ್ಲ ಅಂದರು. ಅವರಿಗೆ ಬಂದಿದ್ದು ಎದೆಯಲ್ಲಿ, ಆದರೆ ಇದೇ ಜಾತಿಯ ಗಂಟು. 2012ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವರಿಗೆ ಚಿಕಿತ್ಸೆ ಮಾಡಿದ್ದು ಲಾರೆನ್ಸ್ ಐನ್‌ಹಾರ್ನ್ ಅನ್ನುವ ಕ್ಯಾನ್ಸರ್ ಡಾಕ್ಟರ್. ಈ ಕ್ಯಾನ್ಸರ್‌ಗೆ ಬೇರೆ ಔಷಧಗಳ ಜೊತೆ ಸಿಸ್‌ಪ್ಲಾಟಿನ್ ಸೇರಿಸಿ 1974ರಲ್ಲಿ ಕೊಟ್ಟು ನೋಡಿದವರು ಅವರೇ. ಅದಕ್ಕೂ ಮೊದಲು ಹೀಗೆ ಹರಡಿದವರಲ್ಲಿ ಬದುಕುತ್ತಿದ್ದವರು ಕಡಿಮೆ. ಈಗ ನನ್ನಂಥ ಸ್ಥಿತಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಗುಣವಾಗುತ್ತಾರೆ. ಯುವರಾಜ್ ಅದೇ ವರ್ಷ ಮತ್ತೆ ಭಾರತಕ್ಕೆ ಆಡಿದರು. ಆ ರಾತ್ರಿ ನಿದ್ದೆ ಬಂತು.

ಕೀಮೋ ಮುಗಿದಾಗ ಎಎಫ್‌ಪಿ ಇಳಿದಿತ್ತು, ಆದರೆ ಗಂಟು ಎರಡು ಸೆಂಟಿಮೀಟರ್ ಉಳಿದಿತ್ತು. ಒಂದು ಸೆಂಟಿಮೀಟರ್‌ಗಿಂತ ದೊಡ್ಡದು ಉಳಿದರೆ ತೆಗೆಯಬೇಕು, ಒಳಗೆ ಟೆರಟೋಮಾ ಅನ್ನುವ ಬಗೆಯ ಗಂಟು ಇದ್ದರೆ ಅದು ಕೀಮೋಗೆ ಕರಗುವುದಿಲ್ಲ ಅಂದರು. ಎದೆಗೂಡಿನ ಕೆಳಗಿಂದ ಹೊಕ್ಕುಳ ದಾಟಿ ಕೊಯ್ದರು. ಇದ್ದದ್ದು ಟೆರಟೋಮಾನೇ. ಆ ಜಾಗದ ನರಗಳನ್ನು ಪೂರ್ತಿ ಉಳಿಸಲಾಗಲಿಲ್ಲ, ಹಾಗಾಗಿ ಈಗ ವೀರ್ಯ ಹೊರಗೆ ಬರುವುದಿಲ್ಲ. ಉಳಿದದ್ದೆಲ್ಲ ಮೊದಲಿನ ಹಾಗೇ ಇದೆ. ಡಿಸೆಂಬರ್‌ನಲ್ಲೇ ಬಂದಿದ್ದರೂ ಕೀಮೋ ಬೇಕಾಗುತ್ತಿತ್ತು, ಈ ಹೊಟ್ಟೆ ಆಪರೇಷನ್ ಮಾತ್ರ ತಪ್ಪಬಹುದಿತ್ತು ಅಂತ ಡಾಕ್ಟರ್ ಹೇಳಿದರು.

ಕೀಮೋಗೆ ಮುಂಚೆ ಒಬ್ಬ ನರ್ಸಕ್ಕ ಹಟಹಿಡಿದು ನನ್ನ ವೀರ್ಯ ಫ್ರೀಜ್ ಮಾಡಿಸಿದ್ದರು. ಅದರಿಂದಲೇ ನನ್ನ ಮಗಳು. ಅವಳಿಗೀಗ ಮೂರು ವರ್ಷ. ನೀವು ಯಾವ ದಾರಿ ಹಿಡಿದರೂ ಸರಿ, ಕೀಮೋ ಅನ್ನುವ ಮಾತು ಬಂದ ದಿನವೇ ಈ ಕೆಲಸ ಮಾಡಿಸಿ. ಮದುವೆಯಾಗಿಲ್ಲ, ಆಮೇಲೆ ನೋಡೋಣ ಅನ್ನಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಸುಮ್ಮನೆ ಕಾಯೋದಾ" ಅಂತ ಕೇಳಿದ್ದೀರಿ. ಆ ಮಾತೇ ತಪ್ಪು. ಸುಮ್ಮನೆ ಕಾಯುವುದು ಅಂತ ಡಾಕ್ಟರ್ ಹೇಳಿರುವುದಿಲ್ಲ. ಅದೂ ಒಂದು ಚಿಕಿತ್ಸೆ, ಅದನ್ನು ಮಾಡಬೇಕಾದವರು ನೀವು. ವಾಪಸ್ ಬರುವುದಿದ್ದರೆ ಹೆಚ್ಚಿನವರಿಗೆ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಆ ಎರಡು ವರ್ಷ ಮನೆಯಲ್ಲಿ ಮದುವೆ ಇರಲಿ, ಕೊಯ್ಲಿರಲಿ, ಹೇಳಿದ ತಾರೀಕಿಗೆ ಹೋಗುತ್ತೀರಾ? ಹೋಗುತ್ತೀರಾದರೆ ಚೆಕಪ್ ದಾರಿ ಹಿಡಿಯಿರಿ, ಬೇಡದ ಕೀಮೋ ತಪ್ಪುತ್ತದೆ. ದುಬೈಯಲ್ಲೋ ಹಡಗಿನಲ್ಲೋ ಕೆಲಸ, ರಜೆ ಸಿಗಲ್ಲ ಅನ್ನುವುದಾದರೆ, ಇಲ್ಲ ರಕ್ತನಾಳಕ್ಕೆ ನುಗ್ಗಿದೆ ಅಂತ ಇದ್ದರೆ, ಆ ಒಂದು ಸುತ್ತಿನ ಬಗ್ಗೆ ಡಾಕ್ಟರ ಹತ್ತಿರ ಕೂತು ಮಾತಾಡಿ. ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನಲ್ಲಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಇದೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಯೋಜನೆ ಇದೆ. ಆ ಕಾರಣಕ್ಕೆ ಬಿಡಬೇಡಿ.

ಕೀಮೋ ಅಂದರೆ ಒಂದೇ ಸುತ್ತು ತಾನೇ ಅಂತ ಹಗುರ ಮಾಡಿಕೊಳ್ಳುವುದೂ ಬೇಡ. ಮೂರು ಸುತ್ತಿಗೆ ನನ್ನ ಬೆರಳ ತುದಿ ಜೋಮು ಹಿಡಿದದ್ದು ಇನ್ನೂ ಪೂರ್ತಿ ಹೋಗಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ಬಿಟ್ಟಿದ್ದೇನೆ, ಅಲಗು ತಾಗಿದ್ದು ಗೊತ್ತಾಗುವುದಿಲ್ಲ. ಕಿವಿಯಲ್ಲಿ ಸದಾ ಒಂದು ಸದ್ದು. ಮಳೆಗಾಲದ ರಾತ್ರಿ ಜೀರುಂಡೆ ತೋಟದಲ್ಲಿ ಕೂಗುತ್ತಿದೆಯೋ ಕಿವಿಯೊಳಗೋ ತಿಳಿಯುವುದಿಲ್ಲ. ಬ್ಲಿಯೋಮೈಸಿನ್ ತಗೊಂಡವರು ಮುಂದೆ ಹಲ್ಲಿನ ಆಪರೇಷನ್‌ಗೆ ಹೋದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಅದು ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲ ಔಷಧ.

ಒಂದು ಬೀಜ ಸಾಕಾ ಅನ್ನುವ ಭಯ ನಿಮಗಿದೆ ಅಂತ ಪ್ರಶ್ನೆಯಲ್ಲೇ ಕಾಣುತ್ತದೆ. ಚೆನ್ನಾಗಿರುವ ಒಂದು ಇದ್ದರೆ ಸಾಮಾನ್ಯವಾಗಿ ಎಲ್ಲಕ್ಕೂ ಸಾಕು. ಆದರೆ ಅದನ್ನು ನೋಡಿಕೊಳ್ಳಿ. ನೂರರಲ್ಲಿ ಎರಡು ಮೂರು ಜನರಿಗೆ ಇನ್ನೊಂದು ಕಡೆಯೂ ಬರುತ್ತದೆ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಬಚ್ಚಲಲ್ಲಿ ಎರಡು ಚೊಂಬು ಬಿಸಿನೀರು ಹೊಯ್ದುಕೊಂಡು, ಚೀಲ ಸಡಿಲವಾದ ಮೇಲೆ, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು ನಿಧಾನಕ್ಕೆ ಹೊರಳಿಸಿ ನೋಡುತ್ತೇನೆ. ಎಡಗೈ ಬೆರಳಲ್ಲಿ ಸ್ಪರ್ಶ ಸ್ವಲ್ಪ ಚೆನ್ನಾಗಿದೆ, ಹಾಗಾಗಿ ಎಡಗೈಯಲ್ಲೇ. ಹೊರಗೆ ಬಂದರೆ ಹೆಂಡತಿ ಈಗಲೂ ಕೇಳುತ್ತಾಳೆ. "ಸರಿ ಇದೆ" ಅನ್ನುತ್ತೇನೆ. ರಕ್ತಪರೀಕ್ಷೆಯ ಹಾಳೆಗಳು ಮಾತ್ರ ಈಗ ಅವಳ ಬೀರುವಿನಲ್ಲಿರುತ್ತವೆ.